ಇವಳಿಗೆ ಸಮುದ್ರ ಅಂದ್ರೆ ಭಯ

ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಅವಳನ್ನು ಎಲ್ಲರೂ ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಹರಿದ ಹಾಯಿ ಹೊಲಿಯುವುದು ಅವಳ ಕೆಲಸ. ಹಳೆಯ ಗೋದಾಮಿನ ಮೇಲಂತಸ್ತಿನಲ್ಲಿ ಉದ್ದನೆಯ ಒಂದು ಕೋಣೆ. ನೆಲ ಮರದ್ದು, ಕಾಲು ಜಾರುವಷ್ಟು ನುಣುಪು. ಹಾಯಿಯನ್ನು ನೆಲದ ತುಂಬ ಹಾಸಿ, ನೆಲದಲ್ಲೇ ಕೊರೆದ ಗುಂಡಿಯೊಳಗೆ ಹೊಲಿಗೆ ಯಂತ್ರದ ಜೊತೆ ತಾನೂ ಕಾಲು ಇಳಿಬಿಟ್ಟು ಕೂತು, ಆ ದಪ್ಪ ಬಟ್ಟೆಯನ್ನು ಎಳೆದೆಳೆದು ಹೊಲಿಯುತ್ತಿದ್ದಳು. ಹರಿದ ಜಾಗ ನೋಡಿದರೆ ಸಾಕು, ಹರಿದವನ ಜಾತಕ ಹೇಳಿಬಿಡುವಳು. ಇವನು ಗಾಳಿ ಜೋರಾದರೂ ಹಾಯಿ ಇಳಿಸದ ಮೊಂಡ. ಇವನು ಇಳಿಸಿದ್ದನ್ನು ಒಣಗಿಸದೆ ಮಡಚಿಟ್ಟ ಸೋಮಾರಿ. ಆ ಮೊಂಡನೂ ಸೋಮಾರಿಯೂ ಎದುರಿಗೇ ನಿಂತು ತಲೆ ಕೆರೆದುಕೊಳ್ಳುತ್ತಿದ್ದರು.

ಇಂಥವಳ ಬಗ್ಗೆ ದಕ್ಕೆಗೆಲ್ಲ ಗೊತ್ತಿದ್ದ ಇನ್ನೊಂದು ಸಂಗತಿಯಿತ್ತು. ಅವಳಿಗೆ ಸಮುದ್ರ ಅಂದರೆ ಭಯ. ಕಡಲಿಗೆ ಹೋಗುವವರ ಹಾಯಿಯನ್ನೆಲ್ಲ ಹೊಲಿದುಕೊಡುವವಳು ತಾನು ಮಾತ್ರ ನದಿ ಕಡಲು ಸೇರುವ ಅಳಿವೆ ದಾಟುವುದಿಲ್ಲ. ಜನಕ್ಕೆ ನಗಲು ಇಷ್ಟು ಸಾಲದೇ? ನಕ್ಕರು. ಕೆಟ್ಟ ಮನಸ್ಸಿನಿಂದ ನಕ್ಕವರು ಯಾರೂ ಇರಲಿಲ್ಲ, ಅದೂ ನಿಜ. ಆದರೆ ಈ ಸಂಗತಿಯೇ ಸುಳ್ಳಾಗಿತ್ತು. ಅದನ್ನು ಹುಟ್ಟಿಸಿದವನು ಅವಳ ಗಂಡ.

ಗಂಡನದು ಗಡಿಯಾರ ರಿಪೇರಿ ಅಂಗಡಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಲೋಕವೆಲ್ಲ ತನ್ನ ಚಿಮುಟದ ತುದಿಯಲ್ಲಿದೆ ಎನ್ನುವ ಗತ್ತು. ಕೆಟ್ಟವನಲ್ಲ. ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ, ಮಗಳ ಜಡೆ ತಾನೇ ಹೆಣೆಯುತ್ತಿದ್ದ. ಸುಳ್ಳು ಹೇಳುವುದಕ್ಕೂ ಬರುತ್ತಿರಲಿಲ್ಲ. ಹೇಳಿದರೆ ಕಿವಿ ಕೆಂಪಾಗುತ್ತಿತ್ತು. ಗಿರಾಕಿಗೆ "ನಾಳೆ ಖಂಡಿತ ಕೊಡ್ತೀನಿ" ಅಂದಾಗೆಲ್ಲ ಅವನ ಕಿವಿ ನೋಡಿ ಅವಳು ಒಳಗೊಳಗೇ ನಗುತ್ತಿದ್ದಳು.

ಮಗಳು ಚಿಕ್ಕವಳಿದ್ದಾಗ ಇಬ್ಬರೂ ಸೇರಿ ಒಂದು ಹಳೆಯ ಹಾಯಿದೋಣಿ ಕೊಂಡರು. ಅವನು ಬಣ್ಣ ಬಳಿದ, ಅವಳು ಹಾಯಿ ಹೊಲಿದಳು. ಆ ಊರಿನಿಂದ ಹಾಯಿದೋಣಿಯವರಿಗೆ ಇರುವುದು ಎರಡೇ ದಾರಿ. ಒಂದು ಅಳಿವೆ ದಾಟಿ ಸಮುದ್ರಕ್ಕೆ. ಅಲ್ಲಿ ಗಾಳಿ ಇದೆ, ಬೇಗ ತಲುಪಬಹುದು, ಆದರೆ ಹವಾಮಾನ ತಿರುಗಿದರೆ ಓಡಿಹೋಗಿ ನಿಲ್ಲಲು ಜಾಗವಿಲ್ಲ. ಇನ್ನೊಂದು ಒಳಗಿನ ಕಾಲುವೆಗಳ ದಾರಿ. ಅಲ್ಲಿ ಅಲೆಯಿಲ್ಲ, ಎರಡೂ ಕಡೆ ಊರುಗಳು, ಕೈಯಲ್ಲಿ ಚಹಾ ಹಿಡಿದುಕೊಂಡೇ ಹೋಗಬಹುದು. ಆದರೆ ಸೇತುವೆಗಳು ತಗ್ಗು. ಹಾಯಿಕಂಬವನ್ನು ಕ್ರೇನಿನಿಂದ ಕಿತ್ತು, ದೋಣಿಯ ಮೇಲೆ ಉದ್ದಕ್ಕೆ ಮಲಗಿಸಿ, ಎಂಜಿನ್ ಹಾಕಿಕೊಂಡು ಗಡಗಡ ಎಂದು ಸಾಗಬೇಕು. ಹಾಯಿ ಚೀಲದೊಳಗೆ ಮಲಗಿರುತ್ತದೆ.

ಮಗಳನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು, ಅವರು ಮೊದಲು ಸಮುದ್ರವನ್ನೇ ಆರಿಸಿದರು. ಗಂಡ ಉಬ್ಬರ ಇಳಿತದ ಪಟ್ಟಿ ನೋಡಿ ಹೊರಡುವ ವೇಳೆ ಗೊತ್ತುಮಾಡಿದ. ಗಡಿಯಾರದವನಲ್ಲವೇ, ನಿಮಿಷ ತಪ್ಪಲಿಲ್ಲ. ಇಳಿತದ ನೀರು ಹೊರಗೆ ನುಗ್ಗುವ ಸಮಯಕ್ಕೆ ಸರಿಯಾಗಿ ದೋಣಿ ಅಳಿವೆಯಲ್ಲಿತ್ತು. ಆದರೆ ಗಾಳಿ ಯಾವ ಪಟ್ಟಿಯನ್ನೂ ಓದಿರಲಿಲ್ಲ. ಅದು ಸಮುದ್ರದಿಂದ ಒಳಗೆ ನುಗ್ಗುತ್ತಿತ್ತು. ಹೊರಗೆ ಹೋಗುವ ನೀರು, ಒಳಗೆ ಬರುವ ಗಾಳಿ, ಎರಡೂ ಡಿಕ್ಕಿ ಹೊಡೆದರೆ ಅಲೆ ಉರುಳುವುದಿಲ್ಲ, ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಅಂದು ಮೀನಿನ ದೋಣಿಯವರು ಒಬ್ಬರೂ ಹೊರಟಿರಲಿಲ್ಲ. ಯಾಕೆಂದು ಅವರನ್ನು ಒಂದು ಮಾತು ಕೇಳಬಹುದಿತ್ತು. ಪುಸ್ತಕ ಓದಿದವನಿಗೆ ಕೇಳುವುದು ಅವಮಾನ.

ಮೊದಲ ಅಲೆಗೆ ಅವನು ನಕ್ಕ. ಎರಡನೆಯದಕ್ಕೆ ಚುಕ್ಕಾಣಿ ಬಿಟ್ಟ. ಬಿಟ್ಟವನು ಒಳಗಿಳಿದು, ನೆಲದ ಮೇಲೆ ಬೋರಲು ಬಿದ್ದು, ಮೇಜಿನ ಕಾಲನ್ನು ತಬ್ಬಿಕೊಂಡು "ಅಮ್ಮಾ, ಅಮ್ಮಾ" ಎನ್ನತೊಡಗಿದ. ಚುಕ್ಕಾಣಿ ಅವಳ ಕೈಗೆ ಬಂತು. ಅವಳಿಗೂ ಜೀವ ಬಾಯಿಗೆ ಬಂದಿತ್ತು, ಯಾರಿಗೆ ಬರುವುದಿಲ್ಲ? ಆದರೆ ಹಾಯಿ ಅವಳೇ ಹೊಲಿದದ್ದು. ಅದು ಎಷ್ಟು ತಡೆಯುತ್ತದೆ, ಯಾವಾಗ ನರಳುತ್ತದೆ ಎಂದು ಅವಳಿಗೆ ಗೊತ್ತಿತ್ತು. ಎರಡು ಅಲೆಗಳ ನಡುವೆ ಸ್ವಲ್ಪ ಜಾಗ ಸಿಗುವವರೆಗೆ ಹಲ್ಲು ಕಚ್ಚಿ ಕಾದಳು. ಸಿಕ್ಕ ಕೂಡಲೇ ದೋಣಿಯನ್ನು ತಿರುಗಿಸಿ ಒಳಗೆ ತಂದಳು.

ತಿಳಿನೀರಿಗೆ ಬಂದ ಮೇಲೆ ಗಂಡ ಮೇಲಕ್ಕೆ ಬಂದ. ಮುಖ ತೊಳೆದಿದ್ದ. ತಲೆ ಬಾಚಿದ್ದ. ಅವಳು ಎಂದೂ ಮರೆಯದಿದ್ದದ್ದು ಆ ಬಾಚಿದ ತಲೆಯನ್ನು. ಅವಳ ಕೈಯಿಂದ ಚುಕ್ಕಾಣಿ ತೆಗೆದುಕೊಂಡ. ದಕ್ಕೆ ಮುಟ್ಟುವಾಗ ನೋಡಿದವರಿಗೆ ಕಂಡದ್ದು ಚುಕ್ಕಾಣಿ ಹಿಡಿದ ಗಂಡ, ನೀರಲ್ಲಿ ತೊಯ್ದು ತೊಪ್ಪೆಯಾಗಿ ನಡುಗುವ ಹೆಂಡತಿ.

"ಏನಾಯ್ತು, ಇಷ್ಟು ಬೇಗ ವಾಪಸ್ ಬಂದ್ರಿ?" ಎಂದು ಪಕ್ಕದ ದೋಣಿಯವನು ಕೇಳಿದ.

"ಏನ್ ಮಾಡೋದು, ಇವಳು ಹೆದರಿಬಿಟ್ಟಳು" ಎಂದ ಗಂಡ. ಕಿವಿಗಳೆರಡೂ ಕೆಂಡದ ಹಾಗಿದ್ದವು.

ಅವಳು ಬಗ್ಗಿ ಹಗ್ಗ ಕಟ್ಟಿದಳು. ನಾಲ್ಕು ಜನರೆದುರು ಗಂಡನ ಮರ್ಯಾದೆ ಯಾಕೆ ಕಳೆಯಲಿ, ಇವತ್ತೊಂದಿನ ಇಟ್ಟುಕೊಳ್ಳಲಿ, ಮನೆಗೆ ಹೋದ ಮೇಲೆ ತಾನಾಗಿಯೇ ಹೇಳುತ್ತಾನೆ ಎಂದುಕೊಂಡಳು. ಊರಿಗೆ ಹೇಳುವುದೇನೂ ಬೇಡ. ತನ್ನ ಕಿವಿಗೆ ಮಾತ್ರ, ಒಂದು ಸಲ, ಅವತ್ತು ಹೆದರಿದ್ದು ನಾನು ಅಂದರೆ ಸಾಕು. ಮನೆಗೆ ಹೋದರು. ಅವನು ಚಹಾ ಕೇಳಿದ. ಕುಡಿದು ಅಂಗಡಿ ತೆಗೆಯಲು ಹೋದ.

ಆಮೇಲಿನ ವರ್ಷಗಳದ್ದೆಲ್ಲ ಕಾಲುವೆ. ಪ್ರತಿ ರಜೆಗೂ ಕ್ರೇನಿನವನು ಕಂಬ ಕೀಳುವಾಗ ಗಂಡ ಪಕ್ಕದಲ್ಲಿ ನಿಂತು ಹೇಳುತ್ತಿದ್ದ: "ನನಗೇನೋ ಸಮುದ್ರಾನೇ ಇಷ್ಟ. ಇವಳಿಗೆ ಸಮುದ್ರ ಅಂದ್ರೆ ಭಯ." ದೋಣಿ ಒಳಗೆ ಬಂದ ಮೇಲೆ ನೀರನ್ನು ಏರಿಸಿ ಇಳಿಸುವ ಗೇಟಿನ ತೊಟ್ಟಿಗಳು ದಾರಿಯುದ್ದಕ್ಕೂ ಇದ್ದವು. ಪ್ರತಿಯೊಂದರಲ್ಲೂ ಅವನು ಚುಕ್ಕಾಣಿ ಹಿಡಿದು ಹುಕುಂ ಕೊಡುವನು. ಅವಳು ಪಾಚಿ ಕಟ್ಟಿದ ಕಬ್ಬಿಣದ ಏಣಿ ಹತ್ತಿ ಹಗ್ಗ ಸುತ್ತುವಳು. ಗೇಟಿನವನ ಹತ್ತಿರವೂ ಅದೇ ಮಾತು. ಒಂದು ಗೇಟಿನವನ ಹೆಂಡತಿಯಂತೂ ಮರುಕದಿಂದ ಕೈ ಹಿಡಿದು, "ಬೇಜಾರ್ ಮಾಡ್ಕೋಬೇಡಿ ಅಕ್ಕ, ನನ್ ತಂಗಿಗೂ ಹಾಗೇ, ಬಾವಿ ಹತ್ರ ಹೋದ್ರೂ ತಲೆ ಸುತ್ತುತ್ತೆ" ಎಂದಳು. ಸೂಜಿಯಕ್ಕ ನಕ್ಕು ಹೂಂ ಎಂದಳು. ಹೂಂ ಎನ್ನುವುದು ರೂಢಿಯಾಗಿಬಿಟ್ಟಿತ್ತು.

ಮಲಗಿಸಿದ ಕಂಬ ದೋಣಿಯ ಮುಂದಕ್ಕೂ ಹಿಂದಕ್ಕೂ ಚಾಚಿಕೊಂಡಿರುತ್ತಿತ್ತು. ಅದರ ಮೇಲೆ ಅವಳು ಬಟ್ಟೆ ಒಣಹಾಕುತ್ತಿದ್ದಳು. ಒಳಗಿಂದ ಏಳುವಾಗ ದಿನಕ್ಕೊಂದು ಸಲವಾದರೂ ಅದಕ್ಕೆ ಹಣೆ ಬಡಿಯುತ್ತಿತ್ತು. ಬಡಿದಾಗೆಲ್ಲ ಅವಳಿಗೆ ಸಿಟ್ಟು ಬರುತ್ತಿದ್ದದ್ದು ಕಂಬದ ಮೇಲಲ್ಲ. ಕಾಲುವೆ ಕೆಟ್ಟದ್ದೆಂದು ಅವಳೇನೂ ಹೇಳುತ್ತಿರಲಿಲ್ಲ. ಬಾತುಕೋಳಿ, ಬಟ್ಟೆ ಒಗೆಯುವವರು, ದಡದಲ್ಲಿ ಸೈಕಲ್ ಕಲಿಯುವ ಮಕ್ಕಳು, ಎಲ್ಲ ಚೆನ್ನಾಗಿಯೇ ಇತ್ತು. ಅವಳು ಆರಿಸಿಕೊಂಡದ್ದಾಗಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಒಂದೇ ಒಂದು ಸಲ ಬಾಯಿ ಬಿಟ್ಟಿದ್ದಳು. ಅಡುಗೆಮನೆಯಲ್ಲಿ ಇಬ್ಬರೂ ಬಟಾಣಿ ಸುಲಿಯುತ್ತಿದ್ದರು.

"ರೀ, ಅವತ್ತು ಅಳಿವೇಲಿ ನಡೆದದ್ದು..."

"ಬಿಡು ಬಿಡು. ಅದಕ್ಕೆ ನಾನೇನು ಬೈದ್ನಾ? ಹೆದರಿಕೆ ಯಾರಿಗಿರಲ್ಲ" ಎಂದ ಅವನು, ಅವಳ ಬೆನ್ನು ತಟ್ಟಿ.

ಕ್ಷಮಿಸಿಬಿಟ್ಟಿದ್ದ. ಅವಳಿಗೆ ಮೈಯೆಲ್ಲ ಉರಿಯಿತು. ಕಿವಿ ನೋಡುವುದನ್ನು ಆ ಉರಿಯಲ್ಲಿ ಮರೆತಳು. ಮಗಳು ಅಲ್ಲೇ ಕೂತು ಪಾಠ ಬರೆಯುತ್ತಿದ್ದಳು. ಅವಳೂ "ಪಾಪ ಅಮ್ಮ" ಎಂಬ ಹಾಗೆ ನೋಡಿದಳು.

ಮಗಳು ದೊಡ್ಡವಳಾಗಿ, ಅದೇ ಕರಾವಳಿಯ ಇನ್ನೊಂದು ಬಂದರಿನ ಊರಿಗೆ ಮದುವೆಯಾಗಿ ಹೋದಳು. ಗಡಿಯಾರ ರಿಪೇರಿಗೆ ಬರುವವರೂ ಕಡಿಮೆಯಾದರು. ಅಂಗಡಿ ಮುಚ್ಚಿ ಮಗಳ ಊರಿನಲ್ಲೇ ಮನೆ ಮಾಡುವುದೆಂದು ಗಂಡಹೆಂಡಿರು ಗಟ್ಟಿ ಮಾಡಿದರು. ದೋಣಿಯನ್ನೂ ಅಲ್ಲಿಗೆ ಒಯ್ಯಬೇಕು. ಅಷ್ಟರಲ್ಲಿ ಕಾಲುವೆಯ ಒಂದು ದೊಡ್ಡ ತೊಟ್ಟಿಯ ಗೋಡೆ ಕುಸಿದು, ಒಳದಾರಿ ಇಡೀ ವರ್ಷ ಬಂದ್ ಆಯಿತು. ಉಳಿದದ್ದು ಸಮುದ್ರವೊಂದೇ.

ಗಂಡ ಕೆಲವು ದಿನ ಮಂಕಾಗಿ ಓಡಾಡಿದ. ಆಮೇಲೆ ಒಬ್ಬನನ್ನು ಕರೆತಂದ. ಬೇರೆಯವರ ದೋಣಿಯನ್ನು ಊರಿಂದೂರಿಗೆ ಮುಟ್ಟಿಸುವುದೇ ಅವನ ಕಸುಬು. ಮುಖವೆಲ್ಲ ಬಿಸಿಲಿಗೆ ಸುಟ್ಟ, ಮಾತು ಕಡಿಮೆಯ ಮನುಷ್ಯ. ಗಂಡ ಮೇಜಿನ ಮೇಲೆ ನಕ್ಷೆ ಹಾಸಿ ಎಲ್ಲ ವಿವರಿಸಿದ.

"ಕಾಲುವೆ ಇದ್ದಿದ್ರೆ ನಾವೇ ತಗೊಂಡ್ ಹೋಗ್ತಿದ್ವಿ. ನಾನು ನಿಮ್ ಜೊತೆ ಸಮುದ್ರಕ್ಕೆ ಬರ್ತಿದ್ದೆ. ಆದ್ರೆ ಇವಳನ್ನ ಒಬ್ಬಳೇ ಬಸ್ಸಲ್ಲಿ ಕಳಿಸೋಕಾಗಲ್ಲ ನೋಡಿ. ಇವಳಿಗೆ ಸಮುದ್ರ ಅಂದ್ರೆ..."

"ನಾನು ಹೋಗ್ತೀನಿ" ಎಂದಳು ಸೂಜಿಯಕ್ಕ, ಚಹಾದ ಲೋಟ ಇಡುತ್ತಾ.

"ಎಲ್ಲಿಗೆ?"

"ದೋಣೀಲಿ. ಇವರ ಜೊತೆ. ಇನ್ನೊಂದು ಆಳು ಬೇಕಲ್ಲ. ನೀವು ಬಸ್ಸಲ್ಲಿ ಬನ್ನಿ."

ಗಂಡ ನಕ್ಕ. ಅವಳು ನಗಲಿಲ್ಲ. ದೋಣಿ ಮುಟ್ಟಿಸುವವನು ಇಬ್ಬರನ್ನೂ ನೋಡಿ, "ಹಗ್ಗ ಹಿಡಿಯೋಕೆ ಬರುತ್ತಾ ಅಕ್ಕ?" ಎಂದು ಕೇಳಿದ. ಬರುತ್ತೆ ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಅವರು ಗಾಳಿ ತಿರುಗುವವರೆಗೆ ಕಾದು ಅಳಿವೆ ದಾಟಿದರು. ನೀರು ಸುಮ್ಮನಿತ್ತು. ಇಷ್ಟೇನಾ ಎಂದು ಅವಳಿಗೆ ಅಳು ಬಂತು. ಹಾಯಿ ಏರಿಸಿದಾಗ ಬಟ್ಟೆಯ ಮೇಲೆ ಮಡಿಕೆಯ ಗೆರೆಗಳು ಹಾಗೇ ಇದ್ದವು. ಅಷ್ಟು ವರ್ಷ ಚೀಲದಲ್ಲಿದ್ದ ಹಾಯಿ, ಎಲ್ಲೋ ಒಂದೊಂದು ದಿನ ನದಿಯಲ್ಲಿ ಬಿಚ್ಚಿದ್ದು ಬಿಟ್ಟರೆ ಗಾಳಿಯನ್ನೇ ಕಂಡಿರಲಿಲ್ಲ. ಸಮುದ್ರದ ಗಾಳಿ ತುಂಬಿದ ಮೇಲೆ ಗೆರೆಗಳು ಒಂದೊಂದಾಗಿ ಮಾಯವಾದವು. ಅವಳು ಚುಕ್ಕಾಣಿ ಹಿಡಿದು ನೋಡುತ್ತಾ ಕೂತಳು. ಸಂತೋಷವಾಯಿತು. ಈ ಸಂತೋಷವನ್ನು ಇಷ್ಟು ವರ್ಷ ಯಾರಿಗೋಸ್ಕರ ಕಟ್ಟಿಟ್ಟೆ ಎಂದು ನೆನೆದು ಹೊಟ್ಟೆಯೂ ಉರಿಯಿತು.

ದೋಣಿ ಮುಟ್ಟಿಸುವವನು ಅವಳ ಕೈಗೆ ಚುಕ್ಕಾಣಿ ಬಿಟ್ಟು ನಿದ್ದೆ ಮಾಡಿ ಎದ್ದ. ಎದ್ದವನು ದೋಣಿ ಹೋಗುತ್ತಿದ್ದ ನೇರವನ್ನು ನೋಡಿ, "ಅಕ್ಕ, ಸಮುದ್ರ ಅಂದ್ರೆ ಭಯ ಅಂತ ಯಜಮಾನ್ರು ಹೇಳಿದ್ದು ನಿಮ್ ಬಗ್ಗೇನಾ?" ಎಂದ.

ಅವಳು ಮೊದಲ ಸಲ ಒಬ್ಬ ಮನುಷ್ಯನಿಗೆ ಅಂದಿನದನ್ನೆಲ್ಲ ಹೇಳಿದಳು. ತಲೆ ಬಾಚಿಕೊಂಡದ್ದನ್ನೂ ಬಿಡಲಿಲ್ಲ.

"ಈಗಾದ್ರೂ ಎಲ್ಲರ ಮುಂದೆ ಹೇಳ್ಬಿಡಿ" ಎಂದ ಅವನು.

"ನಾನ್ಯಾಕೆ ಹೇಳ್ಲಿ? ದೋಣಿ ನಾನೇ ತರೋದನ್ನ ನೋಡ್ತಾರಲ್ಲ. ಅವರೇ ಹೇಳ್ತಾರೆ" ಎಂದಳು.

ಮಗಳ ಊರಿನ ಬಂದರಿಗೆ ಬಂದಾಗ ಆ ಮನುಷ್ಯ ಬೇಕೆಂದೇ ಹಗ್ಗ ಹಿಡಿದು ಮುಂದೆ ನಿಂತ. ದೋಣಿಯನ್ನು ದಕ್ಕೆಗೆ ತಾಗಿಸಿದ್ದು ಸೂಜಿಯಕ್ಕ. ಒಂದಿಷ್ಟೂ ಸದ್ದಾಗಲಿಲ್ಲ. ಗಂಡ, ಮಗಳು, ಅಳಿಯ, ಅಕ್ಕಪಕ್ಕದ ಮನೆಯವರು ನಿಂತಿದ್ದರು. ಗಂಡ ಚಪ್ಪಾಳೆ ತಟ್ಟಿ, ಸುತ್ತ ನೋಡಿ, "ನೋಡಿದ್ರಾ, ಕೊನೆಗೂ ಇವಳ ಭಯ ಬಿಡಿಸಿದೆ. ನಾನೇ ಧೈರ್ಯ ಹೇಳಿ ಕಳಿಸಿದ್ದು" ಎಂದ.

ಮಗಳ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತರು. ದೋಣಿ ಮುಟ್ಟಿಸಿದವನೂ ಇದ್ದ. ಗಂಡ ಅಳಿವೆಯ ಕಥೆ ಶುರುಮಾಡಿದ. ಅಲೆ ಹೇಗಿತ್ತು, ತಾನು ಹೇಗೆ ಕಾದು ತಿರುಗಿಸಿದೆ, ಇವಳು ಒಳಗೆ ಮೇಜಿನ ಕಾಲು ತಬ್ಬಿಕೊಂಡು ಹೇಗೆ ಅಮ್ಮಾ ಎನ್ನುತ್ತಿದ್ದಳು. ಮೇಜಿನ ಕಾಲನ್ನೂ ಅವಳಿಗೇ ಕೊಟ್ಟಿದ್ದ. ಅದನ್ನು ಅವಳು ಅಂದು ಮೊದಲ ಸಲ ಕೇಳಿದ್ದು.

"ಅವತ್ತು ಹೆದರಿದ್ದು ನಾನಲ್ಲ. ಕೆಳಗೆ ಮಲಗಿದ್ದು ಇವರು. ದೋಣಿ ತಿರುಗಿಸಿ ತಂದಿದ್ದು ನಾನು" ಎಂದಳು ಅವಳು.

ಮೊದಲು ನಕ್ಕದ್ದು ಮಗಳು. "ಅಮ್ಮಾ, ಒಂದ್ಸಲ ಸಮುದ್ರ ನೋಡಿದ್ದಕ್ಕೆ ಇಷ್ಟು ಜಂಬಾನಾ?" ಅಳಿಯನೂ ನಕ್ಕ. ದೋಣಿ ಮುಟ್ಟಿಸಿದವನು ಮಾತ್ರ ತಟ್ಟೆ ನೋಡುತ್ತಿದ್ದ.

ಅವಳು ಗಂಡನ ಕಿವಿ ನೋಡಿದಳು. ಕೆಂಪಾಗಲಿ ಎಂದು ಜೀವ ಹಿಡಿದುಕೊಂಡು ನೋಡಿದಳು. ಒಂದು ಕೆಂಪು ಕಂಡರೆ ಸಾಕು, ಇನ್ನೇನೂ ಕೇಳುವುದಿಲ್ಲ ಎಂದುಕೊಂಡಳು. ಕಿವಿ ಯಾವಾಗಿನ ಬಣ್ಣದಲ್ಲೇ ಇತ್ತು. ಅವನ ಕಣ್ಣಿನಲ್ಲಿ ನಾಚಿಕೆಯಿರಲಿಲ್ಲ, ಸಿಟ್ಟಿರಲಿಲ್ಲ, ಬರೀ ಮರುಕವಿತ್ತು. ಅವಳ ಕೈ ಮೇಲೆ ಕೈಯಿಟ್ಟು, "ಪಾಪ, ಇಷ್ಟು ವರ್ಷ ಒಳಗೊಳಗೇ ಎಷ್ಟು ಕೊರಗಿದ್ದಾಳೆ ನೋಡಿ. ಯಾರೂ ನಗಬೇಡಿ" ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ, ತನ್ನ ಮಾತನ್ನು ತಾನೇ ನಂಬಿಬಿಟ್ಟಿದ್ದ.

ಊಟವಾದ ಮೇಲೆ ದೋಣಿ ಮುಟ್ಟಿಸಿದವನು ಹೊರಟ. ಅವಳು ಬಾಗಿಲವರೆಗೆ ಹೋದಳು. ಅವನು ಚಪ್ಪಲಿ ಮೆಟ್ಟುತ್ತಾ ದನಿ ತಗ್ಗಿಸಿ, "ನಾನು ಹೇಳ್ಲಾ ಅಕ್ಕ?" ಎಂದು ಕೇಳಿದ.

"ಯಾರಿಗೆ ಹೇಳ್ತೀಯಪ್ಪ?" ಎಂದಳು. "ಕಣ್ಣಾರೆ ಕಂಡೋರು ನಾನೂ ಅವರೂ ಇಬ್ಬರೇ ಇದ್ವಿ. ಈಗ ನಾನೊಬ್ಬಳೇ."

ಒಳಗಿನಿಂದ ಗಂಡ ಕೂಗಿ ಹೇಳುತ್ತಿದ್ದ. ಮುಂದಿನ ವರ್ಷ ಗೋಡೆ ಕಟ್ಟಿ ಮುಗಿಸುತ್ತಾರಂತೆ, ಕಾಲುವೆ ತೆರೆಯುತ್ತಾರಂತೆ, ಅವಳನ್ನು ಇನ್ನೊಂದು ಸಲ ಈ ಕಷ್ಟಕ್ಕೆ ಹಾಕುವುದಿಲ್ಲವಂತೆ. ಅವಳು ಹೂಂ ಎಂದಳು.