ಇನ್ನೂರನ್ನು ಎಂಟುನೂರು ಮಾಡಿದವರು

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಟಿಪ್ಪಣಿ ಅಕ್ಕ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವಳೂ ಓಗೊಡುತ್ತಿದ್ದಳು. ಕಂಪ್ಯೂಟರ್ ಕೋಣೆಯಲ್ಲಿ ಯಾವ ಕೆಲಸ ಮಾಡಿದರೂ ಏಕೆ ಮಾಡಿದೆ, ಯಾವತ್ತು ಮಾಡಿದೆ, ಯಾರು ಹೇಳಿದ್ದಕ್ಕೆ ಮಾಡಿದೆ ಎಂದು ಬರೆದಿಡದೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಮನೆಯ ಗ್ಯಾಸ್ ಸಿಲಿಂಡರಿನ ಮೇಲೂ ಸೀಮೆಸುಣ್ಣದಲ್ಲಿ ತಾರೀಕು ಬರೆಯುವ ಹೆಂಗಸು. "ನನ್ನ ಬೆನ್ನ ಮೇಲೂ ಒಂದು ತಾರೀಕು ಹಾಕ್ಬಿಡು, ಯಾವಾಗ ತಂದಿದ್ದು ಅಂತ ಗೊತ್ತಿರುತ್ತೆ" ಎಂದು ಗಂಡ ಕಾಲೆಳೆಯುತ್ತಿದ್ದ.

ಈ ಚಾಳಿ ಹುಟ್ಟಿನಿಂದ ಬಂದದ್ದಲ್ಲ. ಅವಳು ಆಸ್ಪತ್ರೆಗೆ ಸೇರಿದ್ದು ರೋಗಿಗಳ ಹೆಸರು ಟೈಪ್ ಮಾಡಲು. ಆಗಿದ್ದ ಇಂಜಿನಿಯರು ಒಂದು ದಿನ ಯಾರಿಗೂ ಹೇಳದೆ ಕೇಳದೆ ಕೆಲಸ ಬಿಟ್ಟ. ಅವನು ಹೋದ ವಾರವೇ ಕರೆಂಟು ಹೋಗಿ ಬಂದು, ಒಂದು ಸರ್ವರಿಗೆ ಇನ್ನೊಂದು ಸಿಗದಂತಾಯಿತು. ಯಾವ ಪೋರ್ಟು, ಯಾವ ಪಾಸ್‌ವರ್ಡು, ಎಷ್ಟು ಸೆಕೆಂಡು ಕಾಯಬೇಕು, ಒಂದಕ್ಷರವನ್ನೂ ಆ ಪುಣ್ಯಾತ್ಮ ಬರೆದಿಟ್ಟಿರಲಿಲ್ಲ. ಮೂರು ದಿನ ಜಾಲಾಡಿ ಎರಡನ್ನೂ ಮತ್ತೆ ಜೋಡಿಸಿದವಳು ಅವಳೇ. "ಇನ್ನು ಮೇಲೆ ನೀವೇ ನೋಡ್ಕೊಳ್ಳಿ" ಎಂದು ಕೋಣೆಯ ಬೀಗದ ಕೈ ಕೊಟ್ಟರು. ಹುದ್ದೆ ಮಾತ್ರ ಕೊಡಲಿಲ್ಲ. ಹನ್ನೊಂದು ವರ್ಷ, ವರ್ಷಕ್ಕೊಂದು ಗುತ್ತಿಗೆ ಕಾಗದ. ಪ್ರತಿ ಸಲವೂ "ಮುಂದಿನ ವರ್ಷ ಕಾಯಂ" ಎಂಬ ಮಾತು. ಈ ವರ್ಷ ಮಾತ್ರ ಆ ಫೈಲು ನಿಜವಾಗಿಯೂ ಮ್ಯಾನೇಜರ ಮೇಜಿನ ಮೇಲೆ ಬಂದು ಕೂತಿತ್ತು. ಅದನ್ನು ಅವಳು ಕಣ್ಣಾರೆ ನೋಡಿದ್ದಳು.

ಡಾಕ್ಟರನ್ನು ಕಾಣಲು ಮನೆಯಿಂದಲೇ ಸಮಯ ಗೊತ್ತು ಮಾಡಿಕೊಳ್ಳುವವರೆಲ್ಲ ಮೊದಲು ಬರುವುದು ವೆಬ್ ಸರ್ವರಿಗೆ. ಅದು ಹೊರಬಾಗಿಲು. ಬಂದವರನ್ನು ಅದು ಒಳಗಿನ ಅಪ್ಲಿಕೇಶನ್ ಸರ್ವರಿಗೆ ದಾಟಿಸುತ್ತದೆ. ನಿಜವಾದ ಕೆಲಸ ನಡೆಯುವುದು ಅಲ್ಲಿ. ಒಳಗಿನದಕ್ಕೆ ಒಂದೇ ಸಲಕ್ಕೆ ಇನ್ನೂರು ಜನರನ್ನು ವಿಚಾರಿಸಿಕೊಳ್ಳುವಷ್ಟು ತ್ರಾಣ. ಹಾಗಾಗಿ ಹೊರಗಿನದಕ್ಕೂ ಅವಳು ಇನ್ನೂರನ್ನೇ ಇಟ್ಟಿದ್ದಳು. ಇನ್ನೂರು ಮೀರಿ ಬಂದವರಿಗೆ "ದಯವಿಟ್ಟು ಎರಡು ನಿಮಿಷ ಬಿಟ್ಟು ಬನ್ನಿ" ಎಂಬ ಪುಟ ಕಾಣುತ್ತಿತ್ತು. ಬಿಟ್ಟು ಬರುತ್ತಿದ್ದರು, ಕೆಲಸವಾಗುತ್ತಿತ್ತು. ಸರ್ವರಿನ ಸೆಟ್ಟಿಂಗ್ ಫೈಲಿನಲ್ಲಿ ಆ ಸಂಖ್ಯೆಯ ಮೇಲೆ, ಯಂತ್ರ ಓದದೆ ಬಿಡಲೆಂದು ಮೊದಲಿಗೊಂದು ಹ್ಯಾಶ್ ಗುರುತು ಹಾಕಿ, ಅವಳು ಬರೆದಿದ್ದಳು: "ಒಳಗೂ ಹೊರಗೂ ಒಂದೇ ಸಂಖ್ಯೆ ಇರಲಿ. ಹೊರಗಿನದನ್ನು ಮಾತ್ರ ಮುಟ್ಟಿದರೆ ಆಮೇಲೆ ನನ್ನ ಹತ್ತಿರ ಅಳಬೇಡಿ."

ಆ ಎರಡು ನಿಮಿಷದ ಪುಟ ಒಂದು ದಿನ ಆಡಳಿತ ಮಂಡಳಿಯ ಅಧ್ಯಕ್ಷರ ಹೆಂಡತಿಯ ಕಣ್ಣಿಗೆ ಬಿತ್ತು. ಅಲ್ಲಿಗೆ ಅದರ ಆಯುಷ್ಯ ಮುಗಿಯಿತು.

"ಎಂಟುನೂರು ಮಾಡಿ" ಎಂದರು ಮ್ಯಾನೇಜರು.

"ಸಾರ್, ಒಳಗಿನ ಸರ್ವರ್ ಅಷ್ಟು ತಡೆಯಲ್ಲ. ಹೊಸದು ಬೇಕು ಅಂತ ಎರಡು ಸಲ ಕೇಳಿದ್ದೀನಿ."

"ಒಳಗಿಂದು ಯಾರಿಗಮ್ಮ ಕಾಣುತ್ತೆ? ಹೊರಗಿಂದು ಮಾಡಿ ಸಾಕು. ಆ ದರಿದ್ರ ಪುಟ ಇನ್ನು ಕಾಣಬಾರದು."

"ಮಿಕ್ಕ ಆರುನೂರು ಜನ ಮಧ್ಯದಲ್ಲಿ ನೇತಾಡ್ತಾರೆ ಸಾರ್."

"ಸ್ವಲ್ಪ ಹೊತ್ತು ನೇತಾಡ್ಲಿ, ಏನೀಗ?"

ಅವಳು ಮಾಡಿದಳು. ಮಾಡಿ, ಕೆಳಗೆ ಬರೆದಳು: "200ರಿಂದ 800. ಮ್ಯಾನೇಜರು ಹೇಳಿದ್ದಕ್ಕೆ. ಬೇಡ ಎಂದೆ, ಕೇಳಲಿಲ್ಲ."

ಸೋಮವಾರ ಬೆಳಿಗ್ಗೆ ಎಂಟಕ್ಕೆ ಹೊಸ ತಿಂಗಳ ಸಮಯಗಳು ತೆರೆದುಕೊಂಡವು. ಎಂಟೂ ಹತ್ತಕ್ಕೆ ಒಳಗಿನ ಸರ್ವರ್ ಮಕಾಡೆ ಮಲಗಿತು. ಪರದೆಗಳೆಲ್ಲ ಬೆಳ್ಳಗೆ. ಅದನ್ನೇ ನಂಬಿದ್ದ ರಕ್ತಪರೀಕ್ಷೆಯ ಕೌಂಟರೂ ನಿಂತುಹೋಯಿತು. ಸಂಖ್ಯೆ ಇಳಿಸಲು ಅಪ್ಪಣೆ ಕೇಳಲೆಂದು ಅವಳು ಮ್ಯಾನೇಜರ ಬಾಗಿಲಿಗೆ ನಾಲ್ಕು ಸಲ ಎಡತಾಕಿದಳು. ಮೀಟಿಂಗು ಎಂದು ಒಳಗೆ ಬಿಡಲಿಲ್ಲ. ತಾನೇ ಇಳಿಸುವ ಧೈರ್ಯ ಬರುವ ಹೊತ್ತಿಗೆ ಹನ್ನೊಂದಾಗಿತ್ತು. ಅಷ್ಟರಲ್ಲಿ, ಖಾಲಿ ಹೊಟ್ಟೆಯಲ್ಲಿ ಬಂದು ಬೆಂಚಿನ ಮೇಲೆ ಕಾದಿದ್ದ ಮುದುಕಿಯೊಬ್ಬರು ತಲೆ ಸುತ್ತಿ ಬಿದ್ದು ಹಣೆ ಒಡೆದುಕೊಂಡಿದ್ದರು. ವಿಚಾರಣೆ ಮಾಡಿಸಬೇಕೆಂದು ಸಂಜೆಯೊಳಗೆ ಮಂಡಳಿ ತೀರ್ಮಾನಿಸಿತು.

ಮರುದಿನ ಮ್ಯಾನೇಜರು ಕಂಪ್ಯೂಟರ್ ಕೋಣೆಗೆ ಬಂದರು. ಹನ್ನೊಂದು ವರ್ಷದಲ್ಲಿ ಅದೇ ಮೊದಲು. ಕುರ್ಚಿಯನ್ನು ತಾವೇ ಎಳೆದುಕೊಂಡು ಕೂತರು.

"ಅಕ್ಕಾ" ಎಂದರು. ಅಲ್ಲಿಯವರೆಗೆ ಅವರ ಬಾಯಲ್ಲಿ ಅವಳು ಬರೀ ಅಮ್ಮ ಆಗಿದ್ದಳು. "ನಿಮ್ಮ ಕಾಯಂ ಫೈಲಿಗೆ ಈ ವಾರ ಸಹಿ ಹಾಕ್ತಾ ಇದ್ದೀನಿ. ನಾನೇ ಸಿಕ್ಕಿಹಾಕ್ಕೊಂಡ್ರೆ ಹೇಗೆ ಹಾಕ್ಲಿ, ನೀವೇ ಹೇಳಿ. ನೀವೇನೋ ಬರೆದಿಟ್ಟಿದ್ದೀರಂತೆ. ಯಂತ್ರಕ್ಕೂ ಬೇಡದ ಸಾಲು, ತೆಗೆದುಬಿಡಿ. ಸಾಫ್ಟ್‌ವೇರ್ ದೋಷ ಅಂತ ಹೇಳಿ ಮುಗಿಸೋಣ. ನಿಮ್ಮ ಮೇಲೆ ಒಂದು ಮಾತು ಬರದ ಹಾಗೆ ನೋಡ್ಕೊಳ್ಳೋದು ನನ್ನ ಜವಾಬ್ದಾರಿ."

ಅವಳು ಮನೆಗೆ ಹೋಗಿ ಗಂಡನಿಗೆ ಹೇಳಿದಳು. ಅವನು ಷೂ ಬಿಚ್ಚುತ್ತಿದ್ದವನು ಅಲ್ಲಿಂದಲೇ ಅಂದ: "ಇದರಲ್ಲಿ ಕೇಳೋದೇನಿದೆ? ಅಳಿಸಿ ಬಿಸಾಕು. ಒಂದು ಸಾಲಿಗೋಸ್ಕರ ಹನ್ನೊಂದು ವರ್ಷ ನೀರಲ್ಲಿ ಹಾಕ್ತೀಯಾ?"

ಬೆಳಿಗ್ಗೆ ಅಳಿಸಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಬದುಕಿಕೊಳ್ಳುತ್ತಿದ್ದಳೋ ಏನೋ. ಆದರೆ ಅರೆಬರೆ ಕೆಲಸ ಅವಳ ಜಾಯಮಾನವಲ್ಲ. ಸೆಟ್ಟಿಂಗ್ ಫೈಲನ್ನು ಮೇಲಿಂದ ಕೆಳಗೆ ಓದಿದಳು. ಅರವತ್ತು ಬದಲಾವಣೆಗೂ ಟಿಪ್ಪಣಿ ಇದೆ, ಇದೊಂದಕ್ಕೆ ಇಲ್ಲ. ನೋಡಿದವರು ಇಲ್ಲೇನಿತ್ತು ಎಂದು ಕೇಳದೆ ಇರುತ್ತಾರೆಯೇ? ಹಲ್ಲು ಬಿದ್ದ ಬಾಯಿಯ ಹಾಗೆ ಆ ಜಾಗ ಎದ್ದು ಕಾಣುತ್ತಿತ್ತು. ಸರಿ, ಒಂದೊಂದಾಗಿ ಎಲ್ಲವನ್ನೂ ಅಳಿಸಿದಳು. ತಾರೀಕು ಹಾಕಿ ಜೋಪಾನ ಮಾಡಿದ್ದ ಹಳೆಯ ಪ್ರತಿಗಳನ್ನೂ ಅಳಿಸಿದಳು. ಕೆಲಸ ಚೊಕ್ಕಟವಾಗಿತ್ತು, ಅವಳ ಯಾವ ಕೆಲಸ ತಾನೇ ಚೊಕ್ಕಟವಾಗಿರಲಿಲ್ಲ?

ವಿಚಾರಣೆಗೆ ಬಂದವರು ಹೊರಗಿನ ಒಬ್ಬ ನಿವೃತ್ತ ಇಂಜಿನಿಯರು, ಮೆತ್ತನೆಯ ಮಾತಿನವರು. ಪಕ್ಕದಲ್ಲಿ ಮ್ಯಾನೇಜರು ಕೂತಿದ್ದರು.

"ಇದನ್ನ ಎಂಟುನೂರು ಮಾಡಿದ್ದು ನಿಮ್ಮ ಲಾಗಿನ್‌ನಿಂದ. ನೀವೇ ಮಾಡಿದ್ದಾ?"

"ಹೌದು ಸಾರ್."

"ಯಾರು ಹೇಳಿದ್ದಕ್ಕೆ?"

ಅವಳು ಮ್ಯಾನೇಜರ ಮುಖ ನೋಡಿದಳು. ಸಾಫ್ಟ್‌ವೇರ್ ದೋಷ ಎಂಬ ಮಾತು ಈಗ ಬರುತ್ತದೆ, ಇನ್ನೊಂದು ಗಳಿಗೆಗೆ ಬರುತ್ತದೆ ಎಂದು ಕಾದಳು. ಅವರು ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದರು.

"ಅಲ್ಲಮ್ಮ" ಎಂದರು ಇಂಜಿನಿಯರು, ನಿಜವಾದ ಬೇಸರದಿಂದ. "ಹನ್ನೊಂದು ವರ್ಷ ಒಂದು ಫೈಲು ನೋಡ್ಕೊಂಡಿದ್ದೀರಿ. ಯಾವುದನ್ನ ಯಾಕೆ ಬದಲಾಯಿಸಿದೆ, ಯಾರು ಹೇಳಿದ್ರು, ಒಂದೇ ಒಂದು ಸಾಲು ಬರೆದಿಲ್ವಲ್ಲ! ಹೊಸಬರೂ ಹೀಗೆ ಮಾಡಲ್ಲ."

ಆಗ ಮ್ಯಾನೇಜರು ಬಾಯಿ ತೆರೆದರು. ನಿಟ್ಟುಸಿರು ಬಿಟ್ಟು, "ನಾನೂ ಎಷ್ಟೋ ಸಲ ಹೇಳಿದೆ ಸಾರ್, ಬರೆದಿಡಿ ಅಂತ" ಎಂದರು.

ಅವಳ ಮೈಯೆಲ್ಲ ಉರಿದುಹೋಯಿತು. ಎದ್ದು ಕೂಗಬೇಕೆನಿಸಿತು. ಏನೆಂದು ಕೂಗುವುದು? ಬರೆದಿದ್ದೆ, ಆಮೇಲೆ ಅಳಿಸಿದೆ ಎಂದೇ? ಇಂಜಿನಿಯರು ತಳ್ಳಿದ ಹೇಳಿಕೆಯ ಕಾಗದಕ್ಕೆ ರುಜು ಹಾಕಿ ಹೊರಗೆ ಬಂದಳು. ಗುತ್ತಿಗೆ ಮುಂದುವರಿಸುವುದಿಲ್ಲ ಎಂಬ ಆದೇಶ ಎರಡು ದಿನ ಬಿಟ್ಟು ಕೈ ಸೇರಿತು. ಅದರಲ್ಲಿ "ಬದಲಾವಣೆಗಳ ದಾಖಲೆ ಇಡುವ ಅಭ್ಯಾಸವಿಲ್ಲ" ಎಂದು ಕಾರಣ ಕೊಟ್ಟಿದ್ದರು.

ಸಂಜೆ ಗಂಡ ಆದೇಶವನ್ನು ಎರಡು ಸಲ ಓದಿದ. ಅವನ ಮುಖ ಕೆಂಪಾಯಿತು.

"ನಿನಗೆ ಬುದ್ಧಿ ಬೇಡ್ವಾ? ತಾನು ಬರೆದಿದ್ದನ್ನ ಯಾರಾದ್ರೂ ತಾನೇ ಅಳಿಸ್ತಾರಾ? ಅದೂ ಒಂದು ಕಾಪಿ ಇಟ್ಕೊಳ್ದೆ?"

"ನೀವೇ ಅಲ್ವಾ ಅಳಿಸು ಅಂದಿದ್ದು?"

"ನಾನಾ? ನಾನೆಲ್ಲಿ ಅಂದೆ? ಯೋಚನೆ ಮಾಡಿ ನೋಡು ಅಂದೆ, ಅಷ್ಟೇ."

ಅವನ ಮುಖದಲ್ಲಿ ಕಪಟವಿರಲಿಲ್ಲ. ಹಾಗೇ ಹೇಳಿದ್ದೆನೆಂದು ಅವನು ಮನಸಾರೆ ನಂಬಿದ್ದ. ಅವಳು ಅವನಿಗೆ ತಟ್ಟೆ ಇಟ್ಟಳು.