ಜೋಳದ ಹಿಟ್ಟಿನ ಡಬ್ಬಿಯಲ್ಲಿ ರೇಡಿಯೊ ಸೆಲ್ಲು

ನಿಮ್ಮ ತಾತನ ಹೆಸರನ್ನು ನಾನು ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ. ಮದುವೆಯಾಗಿ ಬಂದ ದಿನ ಹೊಸಿಲಲ್ಲಿ ಅಡ್ಡ ನಿಲ್ಲಿಸಿ, ಹೆಸರು ಹೇಳಿದರೇ ಒಳಗೆ ಬಿಡೋದು ಎಂದಾಗಲೂ ಅಳುತ್ತಾ ನಿಂತೆನೇ ಹೊರತು ಹೇಳಲಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎನ್ನುತ್ತಿದ್ದ ಕಾಲ ಅದು. ಆದರೆ ಕೆರೆಬಿಳಚಿಯ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿದ್ದ ನನಗೆ ಒಂದು ತಂಟೆಯ ಯೋಚನೆ ಬಂತು. ಹೇಳಬಾರದು ಅಂದಿದ್ದಾರೆ, ಸರಿ. ಬರೆಯಬಾರದು ಅಂತ ಯಾರು ಅಂದಿದ್ದಾರೆ?

ಗೋವಿನಕೋವಿಗೆ ಸೊಸೆಯಾಗಿ ಬಂದ ಆ ವರ್ಷ, ದೀಪಾವಳಿ ಕಳೆದ ಮೇಲೆ, ರೇಡಿಯೊದಲ್ಲಿ ಭಾನುವಾರ ಬರುವ ಕೋರಿಕೆ ಗೀತೆಗಳಿಗೆ ಒಂದು ಕಾರ್ಡು ಬರೆದೆ. ಗಂಡ ಹೆಂಡತಿ ಇಬ್ಬರೂ ಹಾಡುವ ಒಂದು ಹಾಡು ಕೇಳಿ, ಕೆಳಗೆ ನನ್ನ ಹೆಸರು, ಪಕ್ಕದಲ್ಲಿ ಅವರ ಹೆಸರು. ಅತ್ತೆ ಮಾವ ಹೊಲಕ್ಕೆ ಹೋಗಿರುತ್ತಾರೆ, ನಾವಿಬ್ಬರೇ ಕೇಳುತ್ತೇವೆ ಅನ್ನುವುದು ನನ್ನ ಲೆಕ್ಕ.

ಅಷ್ಟರಲ್ಲಿ ಯುದ್ಧ ಬಂತು. ಎಪ್ಪತ್ತೊಂದನೇ ಇಸವಿಯ ಯುದ್ಧ. ನಮ್ಮ ಕೇರಿಗೆಲ್ಲ ಇದ್ದದ್ದು ಮಾವನ ರೇಡಿಯೊ ಒಂದೇ. ಒಳಗಿನ ಗೂಡಿನಲ್ಲಿದ್ದದ್ದು ಜಗಲಿಗೆ ಬಂದು ಕೂತಿತು. ಅತ್ತೆ ಅದಕ್ಕೂ ಮೂರು ಬೆರಳಿನ ವಿಭೂತಿ ಹಚ್ಚಿದರು. ಜನ ಸುತ್ತಮುತ್ತ ಕೂತರೆ ಲಿಂಗದ ಮುಂದೆ ಕೂತ ಹಾಗೆಯೇ ಕಾಣುತ್ತಿತ್ತು.

ಸೆಲ್ಲು ಸಿಗುವುದು ಕಷ್ಟವಾಗಿದ್ದರಿಂದ ಮಾವ ಒಂದು ಕಾನೂನು ಮಾಡಿದರು: ವಾರ್ತೆ ಬಿಟ್ಟು ಬೇರೇನೂ ಹಾಕಬಾರದು. ಆದರೆ ಗೋಡೆ ಗಡಿಯಾರದ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. ವಾರ್ತೆ ತಪ್ಪೀತು ಎಂದು ಅರ್ಧ ಗಂಟೆ ಮೊದಲೇ ರೇಡಿಯೊದ ಕಿವಿ ತಿರುವುತ್ತಿದ್ದರು. ಭಾನುವಾರ ಮಧ್ಯಾಹ್ನ ಆ ಅರ್ಧ ಗಂಟೆಯಲ್ಲಿ ಬರುವುದೇ ಕೋರಿಕೆ ಗೀತೆಗಳು!

ಒಂದು ಭಾನುವಾರ ನಾನು ಕೇಳಿದ್ದ ಹಾಡೇ ಬಂತು. ಕೇಳಿದವರ ಪಟ್ಟಿಯಲ್ಲಿ ನ್ಯಾಮತಿಯವರ ಹೆಸರುಗಳನ್ನು ಓದಿ, ನಮ್ಮ ಹೊನ್ನಾಳಿ ಕಡೆಯ ಉಳಿದ ಹೆಸರುಗಳನ್ನು ಬರುವ ವಾರ ಓದುತ್ತೇವೆ ಅಂದುಬಿಟ್ಟರು. ಆ ವಾರವೆಲ್ಲ ನನಗೆ ರೊಟ್ಟಿ ತಟ್ಟಿದರೆ ಹರಿಯುತ್ತಿತ್ತು. ಇಡೀ ಕೇರಿಯ ಮುಂದೆ, ಮಾವನ ಎದುರಿಗೆ, ನನ್ನ ಹೆಸರು, ಪಕ್ಕದಲ್ಲಿ ಗಂಡನ ಹೆಸರು. ಹೊಸ ಸೊಸೆಯ ಮರ್ಯಾದೆ ಉಳಿಯುತ್ತದೆಯೇ?

ಭಾನುವಾರ ಬೆಳಿಗ್ಗೆ ತಡೆಯಲಾರದೆ ಹಿತ್ತಲಲ್ಲಿ ನಿಮ್ಮ ತಾತನಿಗೆ ಹೇಳಿದೆ. ಅವರು ಬೇವಿನ ಕಡ್ಡಿ ಬಾಯಲ್ಲಿಟ್ಟುಕೊಂಡೇ ನಿಂತುಬಿಟ್ಟರು.

"ನನ್ ಹೆಸರೂ ಬರ್ದೀಯಾ?"

"ಹೂಂ."

"ಪೂರ್ತೀನಾ?"

"ಮನೆತನದ ಹೆಸರೂ ಸೇರ್ಸಿ."

"ಗಡಿಯಾಗೆ ನಡೀತಿರೋದು ಯುದ್ಧಾನೇ ಅಲ್ಲ ಕಣೆ. ಮಧ್ಯಾಹ್ನ ನಮ್ಮ ಜಗಲಿ ಮ್ಯಾಲೆ ಐತೆ ನೋಡು ಯುದ್ಧ!" ಎಂದರು. ಆಮೇಲೆ ದನಿ ತಗ್ಗಿಸಿ, "ಸೆಲ್ ಬಿಸಿಲಿಗಿಡೋದು ನೀನೇ ಅಲ್ವಾ? ನಾಲ್ಕರಾಗೆ ಒಂದು ಮುಚ್ಚಿಡು" ಅಂದು ಹೊಲದ ದಾರಿ ಹಿಡಿದರು. ಅವರ ಶೌರ್ಯ ಅಷ್ಟೇ.

ಸೋತ ಸೆಲ್ಲುಗಳನ್ನು ಬಿಸಿಲಿಗಿಟ್ಟರೆ ಸ್ವಲ್ಪ ಜೀವ ಬರುತ್ತದೆ ಎಂದು ದಿನಾ ಬೆಳಿಗ್ಗೆ ಅವನ್ನು ಮಾಳಿಗೆಯ ಮೇಲೆ ಹಪ್ಪಳದ ಪಕ್ಕ ಸಾಲಾಗಿ ಇಡುವುದು ನನ್ನ ಕೆಲಸವಾಗಿತ್ತು. ಆವತ್ತು ನಾಲ್ಕು ಇಟ್ಟು, ಮೂರು ಇಳಿಸಿದೆ. ಇನ್ನೊಂದು ಜೋಳದ ಹಿಟ್ಟಿನ ಡಬ್ಬಿಯೊಳಗೆ ಮುಳುಗಿತು.

ಮಧ್ಯಾಹ್ನ ಜನ ಸೇರಿದರು. ಮಾವ ರೇಡಿಯೊದ ಬೆನ್ನು ಬಿಚ್ಚಿದರು.

"ಮೂರೇ ಅದಾವಲ್ಲೇ! ಇನ್ನೊಂದು ಎಲ್ಲಿ?"

"ಕಾಗೆ ಹೊತ್ಕಂಡ್ ಹೋಯ್ತೇನೋ" ಎಂದರು ಅತ್ತೆ.

"ಕಾಗೆ ಹಪ್ಪಳ ಬಿಟ್ಟು ಸೆಲ್ ತಿನ್ನಾಕೆ ಅದಕ್ಕೇನು ಹುಚ್ಚಾ? ಹುಡುಕ್ರಿ!"

ಚಾಪೆ ಕೊಡವಿದರು, ಹಪ್ಪಳ ಎಣಿಸಿದರು, ಮಲಗಿದ್ದ ನಾಯಿಯನ್ನೂ ಎಬ್ಬಿಸಿ ನೋಡಿದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ಬೆವರುತ್ತಾ ನಿಂತಿದ್ದೆ. ಇನ್ನೇನು ಗೆದ್ದೆ ಅನ್ನುವಾಗ ಎದುರುಮನೆಯ ಅಜ್ಜಿಯ ಮುಖ ಕಂಡಿತು.

ಅವರ ಒಬ್ಬನೇ ಮಗ ಸೈನ್ಯದಲ್ಲಿದ್ದ. ಯಾವ ಕಡೆ ಇದ್ದಾನೋ ಗೊತ್ತಿಲ್ಲ, ಎರಡು ತಿಂಗಳಿಂದ ಕಾಗದವಿಲ್ಲ. ದಿನಾ ಎಲ್ಲರಿಗಿಂತ ಮೊದಲು ಬಂದು ರೇಡಿಯೊಗೆ ಒತ್ತಿಕೊಂಡು ಕೂರುತ್ತಿದ್ದರು. "ಅಜ್ಜೀ, ಅದ್ರಾಗೆ ನಿನ್ ಮಗನ ಹೆಸರು ಹೇಳಲ್ಲ" ಎಂದು ಯಾರಾದರೂ ರೇಗಿಸಿದರೆ, "ಊರೋರ ಹೆಸರೆಲ್ಲಾ ಹೇಳ್ತಾನೆ, ನನ್ ಮಗಂದೊಂದು ಹೇಳಿದ್ರೆ ಅವನ ಗಂಟೇನು ಹೋಗ್ತೈತೆ?" ಎಂದು ಬಾಯಿ ಮುಚ್ಚಿಸುತ್ತಿದ್ದರು. ಆವತ್ತು ಮಾತ್ರ ಬಿಚ್ಚಿಟ್ಟ ರೇಡಿಯೊದ ಖಾಲಿ ಜಾಗವನ್ನು ಬೆರಳಿನಿಂದ ಸವರುತ್ತಾ ಕೂತಿದ್ದರು.

ನನಗೆ ನಿಲ್ಲಲಾಗಲಿಲ್ಲ. ಡಬ್ಬಿಗೆ ಕೈ ಹಾಕಿ ಸೆಲ್ಲು ತೆಗೆದೆ. ಮಾವನ ಎದುರಿಗೆ ಹೋಗುವ ಧೈರ್ಯ ಎಲ್ಲಿಂದ ಬರಬೇಕು? ಹೊಸಿಲಿನ ಮೇಲಿಂದ ಹೊರಕ್ಕೆ ಉರುಳಿಸಿದೆ. ಅದು ಬೆಳ್ಳಗೆ ಹಿಟ್ಟಿನ ಗೆರೆ ಎಳೆಯುತ್ತಾ ಹೋಗಿ ಮಾವನ ಕಾಲ ಬಳಿ ನಿಂತಿತು.

ಮಾವ ಎತ್ತಿಕೊಂಡರು. ಮೂಸಿದರು. "ನಮ್ಮನೆಯಾಗೆ ಸೆಲ್ಲಿಗೂ ರೊಟ್ಟಿ ಹಾಕ್ತಾರೆ ಕಣ್ರಪ್ಪ" ಅಂದರು. ಪಂಚೆಯಲ್ಲಿ ಒರೆಸಿ ಒಳಗಿಟ್ಟು ಕಿವಿ ತಿರುವಿದರು.

ಹುಡುಕಾಟದಲ್ಲಿ ಅರ್ಧ ಹೊತ್ತು ಕಳೆದಿತ್ತು, ನನ್ನ ಪಾಳಿ ದಾಟಿಹೋಗಿದೆಯೇನೋ ಅನ್ನುವ ಆಸೆ ಇನ್ನೂ ಇತ್ತು. ಹಾಡೊಂದು ಮುಗಿಯಿತು. ಆ ಹೆಣ್ಣು ದನಿ, ಕಲ್ಲುಸಕ್ಕರೆ ಚೀಪುತ್ತಾ ಮಾತಾಡುವ ಹಾಗೆ, ಊರುಗಳನ್ನು ಓದತೊಡಗಿತು. ಗೋವಿನಕೋವಿಯಿಂದ, ಎಂದಿತು. ನನ್ನ ಹೆಸರು ಓದಿತು. ಆಮೇಲೆ ನಿಮ್ಮ ತಾತನ ಹೆಸರು, ಮನೆತನದ ಹೆಸರಿನ ಸಮೇತ, ಒಂದಕ್ಷರ ಬಿಡದೆ.

ನಾನು ಜೋಳದ ಚೀಲಗಳ ಸಂದಿಯಲ್ಲಿ ಕೂತು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಹೊರಗೆ ಯಾರೋ "ಹೋ!" ಎಂದರು. ಜಗಲಿಯೆಲ್ಲ ನಕ್ಕಿತು. "ನಮ್ಮೂರ ಹೆಸರು ಬಂತಲ್ರೀ!" "ಏ, ಗಂಡು ಎಲ್ಲಿ, ಕರೀರಿ!" ಗಂಡು ಹೊಲದಲ್ಲಿ ಸಜ್ಜೆಯ ಹಿಂದೆ ಅಡಗಿದ್ದರು. ಹೆಸರುಗಳ ಹಿಂದೆಯೇ ಆ ಹಾಡೂ ಮತ್ತೆ ಬಂತು. ಅದನ್ನು ಇಬ್ಬರೂ ಕೂಡಿ ಕೇಳಲೆಂದು ಬರೆದವಳು ನಾನು. ಕೊನೆಗೆ ಕೇಳಿದ್ದು ಊರು. ಆ ನಗುವಿನಲ್ಲಿ ನನ್ನ ಕಿವಿಗೆ ಹಾಡಿನ ಒಂದು ಸಾಲೂ ಬೀಳಲಿಲ್ಲ.

ಮಾವ ಏನನ್ನುತ್ತಾರೋ ಎಂದು ಕಾದೆ. "ಸುಮ್ನಿರ್ರಿ, ವಾರ್ತೆ ಬಂತು" ಎಂದರು, ಅಷ್ಟೆ. ವಾರ್ತೆಯಲ್ಲಿ ನಮ್ಮವರು ಮುಂದೆ ಹೋಗುತ್ತಿದ್ದಾರೆ ಅಂದರು. ಯಾರ ಮಗನ ಹೆಸರೂ ಬರಲಿಲ್ಲ.

ಜನ ಕರಗಿದ ಮೇಲೆ ಅಜ್ಜಿ ನೇರ ಅಡುಗೆಮನೆಗೇ ಬಂದರು. ಚೀಲದ ಸಂದಿಯಿಂದ ನನ್ನನ್ನು ಕೈ ಹಿಡಿದು ಎಳೆದರು. ಬೈಯುತ್ತಾರೆ ಎಂದುಕೊಂಡೆ.

"ಹೆಂಗ್ ಬರಿಯಾದು ಅದನ್ನ? ನೀನು ಬರ್ದ್ರೆ ಓದ್ತಾರೆ ಅಂದಂಗಾಯ್ತು. ನನ್ ಮಗಂದು ಬರಿ. ಅವ್ನು ಇರೋ ಕಡೆನೂ ಒಂದು ರೇಡಿಯೊ ಇರ್ತೈತೆ. ನಮ್ಮವ್ವ ನೆನಸ್ಕಂಡ್ಲು ಅಂತ ಗೊತ್ತಾಗ್ಲಿ."

ಬರೆದೆ. ಆ ಕಾರ್ಡು ಓದುವ ಹೊತ್ತಿಗೆ ಯುದ್ಧ ಮುಗಿದು, ಮಗ ರಜೆಯ ಮೇಲೆ ಬಂದು ನಮ್ಮ ಜಗಲಿಯಲ್ಲೇ ಕೂತು ತನ್ನ ಹೆಸರು ಕೇಳಿಸಿಕೊಂಡ. ಅಜ್ಜಿಗೆ ಮಾತ್ರ ಸಮಾಧಾನವಿಲ್ಲ: "ಇಲ್ಲಿ ಕೇಳಾಕೆ ಬರ್ಸಿದ್ನೇನೋ? ಅಲ್ಲಿ ಕೇಳ್ಲಿ ಅಂತ ಬರ್ಸಿದ್ದು!"

ಅಜ್ಜಿ ಶುರುಮಾಡಿದ ಮೇಲೆ ಕೇರಿಯ ಹೆಂಗಸರು ಒಬ್ಬೊಬ್ಬರೇ ಹಿತ್ತಲ ಬಾಗಿಲಿಗೆ ಕಾರ್ಡು ಹಿಡಿದು ಬಂದರು. ತೊಂದರೆ ಏನೆಂದರೆ, ಗಂಡನ ಹೆಸರು ಬರೆಸಬೇಕು, ಆದರೆ ಒಬ್ಬರೂ ಬಾಯಿಬಿಟ್ಟು ಹೇಳುವವರಲ್ಲ. "ಬೆಟ್ಟದ ಮ್ಯಾಲಿರೋ ದೇವ್ರು" ಅನ್ನುವರು. ಊಹಿಸಿ ಬರೆದು ಓದಿದರೆ, "ಆ ಬೆಟ್ಟ ಅಲ್ಲವ್ವ, ಹೊಳೆ ಆಚೆ ಬೆಟ್ಟ!" ಒಬ್ಬಳ ಗಂಡನ ಹೆಸರು ಸಿಗಲು ಮೂರು ದಿನ ಹಿಡಿಯಿತು. ಕೊನೆಗೆ ಅವಳ ಮೈದುನನನ್ನು ಕೇಳಿ ಬರೆದೆ.

ಮಾವ ನನ್ನ ಹತ್ತಿರ ಆ ಮಾತೇ ಎತ್ತಲಿಲ್ಲ. ಆದರೆ ಒಂದು ದಿನ ಅತ್ತೆ ಹೊಸ ಕಾರ್ಡು ತಂದು ನನ್ನ ಮುಂದಿಟ್ಟರು.

"ನಂದು ಬರಿ. ಪಕ್ಕದಾಗೆ ನಿಮ್ ಮಾವಂದು. ಅವ್ರೇ ತಂದ್ಕೊಟ್ಟಿದ್ದು ಕಾರ್ಡು. ಹೆಸರು ಗೊತ್ತೈತಲ್ಲ?"

"ಗೊತ್ತೈತ್ರಿ ಅತ್ತೆ. ಆದ್ರೆ ಮಾವನ ಹೆಸ್ರು ನಾನೂ ಹೇಳಂಗಿಲ್ವಲ್ರೀ."

ಅತ್ತೆ ಬಾಗಿಲ ಕಡೆ ಒಮ್ಮೆ ನೋಡಿ, ಕಾರ್ಡನ್ನು ನನ್ನ ಮುಂದಕ್ಕೆ ತಳ್ಳಿದರು.

"ಹೇಳು ಅಂದೋರ್ಯಾರು? ಬರಿ."