ಗೇಟು ಕಾಯುವ ಗಂಟಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗೇಟು ಬಿದ್ದಿದೆ. ಕಂಬದ ಮೇಲಿನ ಎರಡು ಕೆಂಪು ದೀಪಗಳು ಸರದಿಯಂತೆ ಹೊತ್ತಿ ಆರುತ್ತಿವೆ, ಗಂಟೆ ಒಂದೇ ಸಮನೆ ಬಡಿದುಕೊಳ್ಳುತ್ತಿದೆ. ಹಾಲಿನ ವ್ಯಾನು, ಗಿರಣಿಯ ಮೊದಲ ಪಾಳಿಯವರ ಸೈಕಲ್ಲುಗಳು, ತರಕಾರಿ ಮೂಟೆ ಕಟ್ಟಿಕೊಂಡ ಸ್ಕೂಟರುಗಳು ಸಾಲಾಗಿ ನಿಂತಿವೆ. ಈಚೆಯ ಹಳಿಯ ಮೇಲೆ ಗೂಡ್ಸ್ ಗಾಡಿಯೊಂದು ಯಾರ ಹಂಗೂ ಇಲ್ಲದೆ ನಿಧಾನವಾಗಿ ಸಾಗುತ್ತದೆ. ಅದರ ಕೊನೆಯ ಡಬ್ಬಿ ದಾಟಿದ್ದೇ ತಡ, ಸ್ಕೂಟರುಗಳು ಗುರ್ ಎನ್ನುತ್ತವೆ. ಟೋಪಿ ಹಾಕಿದವರೊಬ್ಬರು ಸೈಕಲ್ಲನ್ನು ವಾಲಿಸಿ ಗೇಟಿನ ಅಡಿಗೆ ತಲೆ ತೂರಿಸುತ್ತಾರೆ.

"ಏಯ್ ಟೋಪಿ, ತಲೆ ಹಿಂದಕ್ಕೆ ತಗೊ. ಟೋಪಿ ಅಂಗಡೀಲಿ ಸಿಗುತ್ತೆ, ತಲೆ ಎಲ್ಲಿ ತರ್ತೀಯ?"

ತಗಡಿನ ಮೇಲೆ ಕಲ್ಲು ಎಳೆದಂಥ ದನಿ. ತಲೆ ಹಿಂದಕ್ಕೆ ಬರುತ್ತದೆ. ಆಮೇಲೆ ಆಚೆಯ ಹಳಿಯ ಮೇಲೆ, ಎದುರು ದಿಕ್ಕಿನಿಂದ, ಎಕ್ಸ್‌ಪ್ರೆಸ್ ಗಾಡಿ ಧೂಳೆಬ್ಬಿಸಿಕೊಂಡು ನುಗ್ಗಿ ಹೋಗುತ್ತದೆ. ಟೋಪಿಯವರು ಥ್ಯಾಂಕ್ಸ್ ಹೇಳುವುದಿಲ್ಲ. ಗೇಟು ಎದ್ದ ಮೇಲೆ ಮುಖ ಗಂಟು ಹಾಕಿಕೊಂಡೇ ಸೈಕಲ್ ತುಳಿಯುತ್ತಾರೆ.

ಈ ಗೇಟು ಕಾಯುವ ಹೆಂಗಸಿಗೆ ಜನ ಇಟ್ಟ ಹೆಸರು ಮೈಕಕ್ಕ. ವಯಸ್ಸು ನಲವತ್ತು ದಾಟಿದೆ. ಸಣಕಲು ದೇಹ, ಆದರೆ ಬಾಯಿ ತೆರೆದರೆ ಎರಡು ಬೀದಿಗೆ ಸಾಕು. ಎದುರು ಮನೆಯ ನಿವೃತ್ತ ಮೇಷ್ಟ್ರು ಒಮ್ಮೆ ಇವರ ಗದ್ದಲದ ಮೇಲೆ ದೂರು ಕೊಟ್ಟಿದ್ದರು. ಆಮೇಲೆ ಮೈಕಕ್ಕ ರಜೆ ಹಾಕಿದ ದಿನ ತಮಗೆ ಎಚ್ಚರವೇ ಆಗುವುದಿಲ್ಲ ಎಂದು ತಾವೇ ದೂರು ವಾಪಸ್ ಪಡೆದರಂತೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಇಲ್ಲಿ ಬಾಯಿ ಒಬ್ಬರದು, ಬದುಕುವವರು ಊರಿನವರು.

ಕೆಲಸವೇನೋ ಹೇಳಲು ಸುಲಭ. ಸ್ಟೇಷನ್ನಿನಿಂದ ಫೋನ್ ಬರುತ್ತದೆ. ಮೈಕಕ್ಕ ಚಕ್ರ ತಿರುಗಿಸಿ ಗೇಟು ಇಳಿಸುತ್ತಾರೆ, ಬಾವುಟ ಹಿಡಿದು ನಿಲ್ಲುತ್ತಾರೆ, ಗಾಡಿ ಹೋದ ಮೇಲೆ ಎತ್ತುತ್ತಾರೆ. ಒಂದು ಪಾಳಿಯಲ್ಲಿ ಮೂವತ್ತಕ್ಕೂ ಹೆಚ್ಚು ಗಾಡಿಗಳು. ಕಷ್ಟ ಇರುವುದು ಗಾಡಿಯಲ್ಲಲ್ಲ, ಜೋಡಿ ಹಳಿಯಲ್ಲಿ. ಒಂದು ಗಾಡಿ ಹೋದ ಕೂಡಲೇ ಜನಕ್ಕೆ ಎಲ್ಲ ಮುಗಿಯಿತು ಅನ್ನಿಸುತ್ತದೆ. ಗಂಟೆ ಬಡಿಯುತ್ತಲೇ ಇದ್ದರೂ ಕಿವಿಗೆ ಬೀಳುವುದಿಲ್ಲ. ಮೈಕಕ್ಕ ಗಂಟಲು ಹರಿದುಕೊಳ್ಳುವುದು ಆ ಹೊತ್ತಿನಲ್ಲೇ.

ಹರಿದುಕೊಳ್ಳುವುದು ಎಂಬ ಮಾತು ಈಗ ಬರೀ ಮಾತಾಗಿ ಉಳಿದಿಲ್ಲ. ಆರು ತಿಂಗಳಿಂದ ದನಿ ಒಡೆದಿದೆ, ಉಗುಳು ನುಂಗಿದರೂ ನೋವು. ಗಂಟಲೊಳಗೆ ಗಂಟಿದೆ, ಆಪರೇಷನ್ ಮಾಡಿ ತೆಗೆಯಬೇಕು, ಆಮೇಲೆ ಈ ದನಿ ಮತ್ತೆ ಬರುತ್ತದೆಂದು ಹೇಳಲಾಗದು ಎಂದಿದ್ದಾರೆ ಡಾಕ್ಟರು. ಅಲ್ಲಿಯತನಕ ಮಾತೇ ಆಡಬೇಡಿ ಎಂದೂ ಹೇಳಿದ್ದಾರೆ. ಟೈಲರ್ ಕೆಲಸದ ಗಂಡ ದಿನಾ ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿ ಕಳಿಸುತ್ತಾರೆ, ಪಕ್ಕದಲ್ಲೊಂದು ಪೀಪಿಯನ್ನೂ ಇಟ್ಟಿರುತ್ತಾರೆ. ಬಿಸಿನೀರು ಖಾಲಿಯಾಗುತ್ತದೆ. ಪೀಪಿ ಹೇಗೆ ಬಂತೋ ಹಾಗೇ ಮನೆಗೆ ಹೋಗುತ್ತದೆ.

"ಪೀಪಿ ಊದಿದ್ರೆ ಯಾರೋ ಆಟ ಆಡಿಸ್ತಿದಾರೆ ಅಂದ್ಕೋತಾರೆ ಸಾರ್. ಬೈದ್ರೆ ಮಾತ್ರ ನಿಲ್ತಾರೆ. ಮನುಷ್ಯನಿಗೆ ಜೀವಕ್ಕಿಂತ ಮಾನ ಹತ್ರ."

ಅವರ ಗೂಡಿನಲ್ಲಿ ಒಂದು ಮೇಜು, ಒಂದು ಸ್ಟೂಲು, ಫೋನು, ಕೆಂಪು ಹಸಿರು ಬಾವುಟಗಳು. ಎರಡನೆಯವರು ಬಂದರೆ ಒಬ್ಬರು ನಿಂತುಕೊಳ್ಳಬೇಕು. ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿದ್ದ ನಾನು ನಿಂತುಕೊಂಡೇ ಮೊಬೈಲನ್ನು ಮೇಜಿನ ಮೇಲಿಟ್ಟು ರೆಕಾರ್ಡಿಂಗ್ ಒತ್ತಿದೆ. ಅಷ್ಟುದ್ದ ಮಾತಾಡುತ್ತಿದ್ದವರು ಗಪ್ಪನೆ ನಿಲ್ಲಿಸಿಬಿಟ್ಟರು. ಗಂಟಲು ನೋವೇನೋ ಎಂದುಕೊಂಡು ನೀರು ಕೊಡಹೋದೆ. ತಲೆಯಾಡಿಸಿ, ಮೊಬೈಲಿನ ಪರದೆಯಲ್ಲಿ ಮಿನುಗುತ್ತಿದ್ದ ಕೆಂಪು ಚುಕ್ಕೆಯತ್ತ ಬೆರಳು ತೋರಿಸಿದರು. ನಾನು ಅದನ್ನು ಆರಿಸಿ ಪೆನ್ನು ತೆಗೆದ ಮೇಲೆಯೇ ಅವರ ಬಾಯಿ ತೆರೆದದ್ದು. ಮಧ್ಯೆ ಮಧ್ಯೆ ಗಾಡಿಗಳು ಬರುತ್ತಿದ್ದವು, ಎದ್ದು ಹೋಗಿ ಬಂದು, ಬಿಟ್ಟಲ್ಲಿಂದಲೇ ಹೇಳುತ್ತಿದ್ದರು.

ಅವರಿಗೊಬ್ಬ ಅಣ್ಣನಿದ್ದ, ನಾಲ್ಕು ವರ್ಷಕ್ಕೆ ದೊಡ್ಡವನು. ತಂದೆ ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದರು. ಅಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ವೀಡಿಯೋ ಕ್ಯಾಮೆರಾವನ್ನು ಮಾಲೀಕರು ಮಗನಿಗೆಂದು ಕೊಟ್ಟರು. ಹುಡುಗನಿಗೆ ರೈಲಿನ ಹುಚ್ಚು. ರಜೆ ಬಂದರೆ ತಂಗಿಯನ್ನು ಕಟ್ಟಿಕೊಂಡು ಗೇಟಿನ ಬಳಿ ಹಾಜರು. ಗಂಟೆಯ ಮೊದಲ ಏಟಿನಿಂದ ಗೇಟು ಏಳುವವರೆಗೆ ಒಂದೂ ಬಿಡದೆ ಹಿಡಿಯುತ್ತಿದ್ದ: ಹೊತ್ತಿ ಆರುವ ದೀಪ, ಇಳಿಯುವ ಕಂಬ, ಎಂಜಿನ್ನು, ಡಬ್ಬಿಗಳು. ಸಂಜೆ ಮನೆಯವರೆಲ್ಲ ಕೂತು ಟೀವಿಯಲ್ಲಿ ಅದನ್ನೇ ನೋಡಬೇಕು. ಲೋಕದವರೆಲ್ಲ ಮನುಷ್ಯರ ವೀಡಿಯೋ ತೆಗೆದರೆ ನನ್ನ ಮಗ ಕಂಬದ ವೀಡಿಯೋ ತೆಗೀತಾನೆ ಎಂದು ತಾಯಿ ನಗುತ್ತಿದ್ದರಂತೆ.

ತಂಗಿಯ ಕೆಲಸ ಇನ್ನೊಂದು ಬ್ಯಾಟರಿ ಹಿಡಿದುಕೊಳ್ಳುವುದು ಮತ್ತು ಬಾಯಿ ಮುಚ್ಚಿಕೊಂಡಿರುವುದು. ಒಮ್ಮೆ ಎರಡು ಎಂಜಿನ್ ಕಟ್ಟಿದ ಗಾಡಿ ಬಂದಾಗ ಖುಷಿ ತಡೆಯಲಾಗದೆ "ಬಂತು ಬಂತು" ಎಂದು ಕುಣಿದುಬಿಟ್ಟಳು. ಟೇಪಿನಲ್ಲಿ ಗಂಟೆಗಿಂತ ಇವಳ ದನಿಯೇ ಜೋರು. ಅಣ್ಣ ಎರಡು ದಿನ ಮಾತು ಬಿಟ್ಟ. ಆಮೇಲೆ ರಾಜಿಯಾಗಿ ಒಂದು ಕಟ್ಟಳೆ ಹಾಕಿದ: ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿರುವಾಗ ಪ್ರಪಂಚ ಮುಳುಗಿದರೂ ಸೊಲ್ಲೆತ್ತಬಾರದು. ಅಂದಿನಿಂದ ತಂಗಿ ಫ್ರಾಕಿನ ಕಾಲರ್ ಕಚ್ಚಿಕೊಂಡು ನಿಲ್ಲುತ್ತಿದ್ದಳು.

ಆ ದಿನ ಈಚೆಯ ಹಳಿಯಲ್ಲಿ ಗಾಡಿ ಹೋಯಿತು. ಅದರ ಕೊನೆಯ ಡಬ್ಬಿ ಚಿಕ್ಕದಾಗುತ್ತ ಹೋಗುವುದನ್ನು ಹಿಡಿಯಬೇಕೆಂದು ಅಣ್ಣ ಗೇಟಿನ ಪಕ್ಕದ ಸಂದಿಯಲ್ಲಿ ನುಸುಳಿದ. ಕಣ್ಣು ಕ್ಯಾಮೆರಾದೊಳಗೆ. ಒಂದೊಂದೇ ಹೆಜ್ಜೆ ಹಿಂದಿಡುತ್ತ ಆಚೆಯ ಹಳಿಯ ಮೇಲೆ ನಿಂತ. ಗಂಟೆ ಬಡಿಯುತ್ತಲೇ ಇತ್ತು. ಬೇರೆಯವರಿಗೆ ಅದು ಎಚ್ಚರಿಕೆ, ಅವನಿಗೆ ಅದು ತಾನು ತೆಗೆಯುತ್ತಿದ್ದ ವೀಡಿಯೋದ ಸದ್ದು.

"ತಿರುವಿನಲ್ಲಿ ಇನ್ನೊಂದು ಗಾಡಿ ಕಾಣಿಸ್ತು. ಕಾಲು ಬಡಿದೆ, ಕೈ ಬೀಸಿದೆ. ಅವನು ನನ್ನ ಕಡೆ ನೋಡ್ಲಿಲ್ಲ. ಕ್ಯಾಮೆರಾದ ದೀಪ ಉರೀತಾ ಇತ್ತಲ್ಲ, ಬಾಯಲ್ಲಿ ಕಾಲರ್ ಇತ್ತು. ಎಷ್ಟು ಹೊತ್ತು ಅಂತೀರಿ? ಒಂದು ಕೂಗಿನಷ್ಟು ಹೊತ್ತು."

ಎಂಟು ವರ್ಷದ ಮಗು, ಭಯಕ್ಕೆ ದನಿ ಉಡುಗಿರುತ್ತದೆ, ಯಾರಿಗಾದರೂ ಹಾಗೆಯೇ ಆಗುತ್ತಿತ್ತು ಎಂದೆ. ಇದನ್ನು ಹಲವರಿಂದ ಕೇಳಿದವರಂತೆ ಸುಮ್ಮನೆ ನಕ್ಕರು. ತಾಯಿ ಒಂದೇ ಒಂದು ಸಲ ಕೇಳಿದ್ದರಂತೆ, ನೀನು ಕೂಗಲಿಲ್ಲವೇನೇ ಎಂದು. ಅಣ್ಣ ಬೈತಾನೆ ಅಂತ ಸುಮ್ಮನಿದ್ದೆ ಎಂದು ಮಗಳು ಹೇಳಿದಳು. ತಾಯಿ ಮತ್ತೆಂದೂ ಆ ಮಾತು ಎತ್ತಲಿಲ್ಲ. ಟೇಪುಗಳನ್ನು ಆಮೇಲೆ ಯಾರೂ ಹಾಕಿ ನೋಡಲಿಲ್ಲ, ಕಪಾಟಿನಲ್ಲೇ ಬೂಷ್ಟು ಹಿಡಿದು ಹಾಳಾದವು.

ಇದು ಅದೇ ಗೇಟೇ ಎಂದು ಕೇಳಿದೆ. ಅಲ್ಲವಂತೆ. ಅದನ್ನು ಮುಚ್ಚಿ ಕೆಳಸೇತುವೆ ಮಾಡಿದ್ದಾರೆ. ಗೇಟಿನ ಕೆಲಸಕ್ಕೆ ಅರ್ಜಿ ಹಾಕಿದಾಗ ತಂದೆ ಮೂರು ತಿಂಗಳು ಮುಖ ಕೊಟ್ಟು ಮಾತಾಡಲಿಲ್ಲವಂತೆ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಡಾಕ್ಟರು ತಮಾಷೆಗೆ ಹೇಳಿದಾಗ ಮೈಕಕ್ಕ ಎದ್ದು ಹೊರಗೆ ಬಂದುಬಿಟ್ಟರಂತೆ.

"ಆ ಬಂಗಾರ ನಮ್ಮನೇಲಿ ಒಂದ್ಸಲ ಇತ್ತು ಸಾರ್. ಸಾಕು."

ಆಪರೇಷನ್ ನಾಳೆ. ಬದಲಿಗೆ ಬರುವವರು ಸಾಧು ಮನುಷ್ಯ, ಜೋರಾಗಿ ಕೆಮ್ಮುವುದಕ್ಕೂ ಸಂಕೋಚಪಡುವಂಥವರು. ಅದಕ್ಕೇ ಗೇಟಿನ ದೀಪ, ಗಂಟೆ ನೋಡಿಕೊಳ್ಳುವ ಬೋಳುತಲೆಯ ಎಲೆಕ್ಟ್ರಿಷಿಯನ್ ಒಂದು ಉಪಾಯ ಮಾಡಿದ್ದಾರೆ. ಕಂಬಕ್ಕೊಂದು ಸ್ಪೀಕರ್ ಕಟ್ಟುವುದು, ಮೈಕಕ್ಕನ ದನಿಯನ್ನೇ ತುಂಬಿಸಿಡುವುದು, ಒಂದು ಗಾಡಿ ಹೋಗಿ ಇನ್ನೊಂದು ಬರುವುದಿದ್ದಾಗ ಗುಂಡಿ ಒತ್ತುವುದು. ಸ್ಪೀಕರ್ ಸಿಕ್ಕಿತು, ಮೇಲಿನವರ ಒಪ್ಪಿಗೆಯೂ ಸಿಕ್ಕಿತು. ದನಿ ಮಾತ್ರ ಸಿಗಲಿಲ್ಲ. ಎರಡು ದಿನ ಮೊಬೈಲು ಹಿಡಿದು ನಿಂತರೂ ಮೈಕಕ್ಕನ ತುಟಿ ಬಿಚ್ಚಲಿಲ್ಲ. ಊರಿಗೆಲ್ಲ ಬೈಯುವವರಿಗೆ ಇದೇನು ನಾಚಿಕೆ ಎಂದು ಎಲೆಕ್ಟ್ರಿಷಿಯನ್ ತಲೆ ಕೆರೆದುಕೊಂಡರು. ನಿಮಗೆ ಗೊತ್ತಾಗದ ಹಾಗೆ ಮರೆಯಲ್ಲಿ ನಿಂತು ಹಿಡಿದುಬಿಡುತ್ತೇನೆ ಎಂದೂ ಹೇಳಿ ನೋಡಿದರು. ಮೈಕಕ್ಕ ಒಪ್ಪಲಿಲ್ಲ.

"ಕದ್ದು ಹಿಡಿಯೋದು ಬೇಡಪ್ಪ. ಅದು ಓಡ್ತಾ ಇದೆ ಅಂತ ಗೊತ್ತಿದ್ದೇ ನಾನು ಬಾಯಿ ಬಿಡ್ಬೇಕು."

ಇವತ್ತು ಕೊನೆಯ ಪಾಳಿ. ಮಧ್ಯಾಹ್ನದ ಪ್ಯಾಸೆಂಜರ್ ಗಾಡಿ ಈಚೆಯ ಹಳಿಯಲ್ಲಿ ಹೋಗುತ್ತದೆ. ಗಂಟೆ ನಿಂತಿಲ್ಲ. ಎಲೆಕ್ಟ್ರಿಷಿಯನ್ ಮೊಬೈಲು ಎತ್ತಿ ಹಿಡಿಯುತ್ತಾರೆ. ಮೈಕಕ್ಕ ಬಾವುಟವನ್ನು ಎರಡೂ ಕೈಯಲ್ಲಿ ಬಿಗಿಹಿಡಿದಿದ್ದಾರೆ, ಕಣ್ಣು ಆಚೆಯ ಹಳಿಯ ಮೇಲಿದೆ. ದವಡೆ ಅದುರುತ್ತಿದೆ. ಈ ಸಲವೂ ಆಗುವುದಿಲ್ಲ ಎಂದುಕೊಂಡು ನಾನು ಮುಖ ತಿರುಗಿಸುವಷ್ಟರಲ್ಲಿ ದನಿ ಬರುತ್ತದೆ. ಬೆಳಗಿನ ಬೈಗುಳದ ದನಿಯಲ್ಲ ಅದು.

"ಅಣ್ಣಾ, ನಿಂತ್ಕೋ. ಇನ್ನೊಂದು ಬರ್ತಾ ಇದೆ."

ಕೊನೆಗೆ ದನಿ ಸೀಳಿಹೋಗುತ್ತದೆ. ಆಚೆಯ ಹಳಿಯ ಗಾಡಿ ಬಂದು ಹೋಗುತ್ತದೆ. ಗೇಟಿನಾಚೆ ಕಾದಿದ್ದ ಜನ ಇವರ ಮುಖವನ್ನೇ ನೋಡುತ್ತಿದ್ದಾರೆ. ಹಿಂದಿನದೇನೂ ತಿಳಿಯದ ಎಲೆಕ್ಟ್ರಿಷಿಯನ್ ಮೊಬೈಲು ಕಿವಿಗಿಟ್ಟು ಕೇಳಿ, ಅಷ್ಟು ಸಮಾಧಾನವಿಲ್ಲದೆ ಹೇಳುತ್ತಾರೆ: "ಅಕ್ಕಾ, ಹೆಂಗಸರೂ ಓಡಾಡ್ತಾರಲ್ಲ ಇಲ್ಲಿ. 'ಎಲ್ರೂ ನಿಂತ್ಕೊಳ್ಳಿ' ಅನ್ನಿ. ದನೀನೂ ಒಡೀತು. ಇನ್ನೊಂದ್ಸಲ ತಗೊಳ್ಳೋಣ."

ಮೈಕಕ್ಕ ಚಕ್ರದ ಕಡೆ ನಡೆಯುತ್ತಾರೆ. ಗೇಟು ಏಳತೊಡಗುತ್ತದೆ.

"ಬೇಡಪ್ಪ. ಹೇಳ್ಬೇಕಾಗಿದ್ದು ಅಷ್ಟೇ ಇತ್ತು."